ಲಕ್ಷದ್ವೀಪದ ಪಿ.ಎಂ. ಸಯೀದ್ ಅವರನ್ನು ಸರ್ಕಾರಿ ದಾಖಲೆಗಳಲ್ಲಿ ಹುಡುಕುವುದು: ಮೂರು ಸೇವೆಗಳ ವಿಮರ್ಶೆ

ಲಕ್ಷದ್ವೀಪಕ್ಕೆ ವಿಧಾನಸಭೆ ಇಲ್ಲ. ಪಂಚಾಯತಿ ಬಿಟ್ಟರೆ ಅಲ್ಲಿನ ಜನ ಆರಿಸಿ ಕಳಿಸುವುದು ಒಬ್ಬ ಲೋಕಸಭಾ ಸದಸ್ಯನನ್ನು ಮಾತ್ರ. 1967ರವರೆಗೆ ಅದೂ ನಾಮಕರಣದ ಸ್ಥಾನವಾಗಿತ್ತು. ಆ ವರ್ಷ ಮೊದಲ ಸಲ ನಡೆದ ಚುನಾವಣೆಯಲ್ಲಿ ಗೆದ್ದು, ಅದೂ ಸೇರಿ ಸತತ ಹತ್ತು ಬಾರಿ ಆರಿಸಿ ಬಂದವರು ಆಂಡ್ರೋತ್ ದ್ವೀಪದ ಪಿ.ಎಂ. ಸಯೀದ್. ಕಾಲೇಜು ಓದಿದ್ದು ಮಂಗಳೂರಿನಲ್ಲಿ, ಕಾನೂನು ಮುಂಬೈಯಲ್ಲಿ. ಅವರ ರಾಜಕೀಯ ಜೀವನವನ್ನು ದಾಖಲೆಗಳಿಂದ ಕಟ್ಟಿಕೊಳ್ಳಲು ಪುಕ್ಕಟೆಯಾಗಿ ಸಿಗುವುದು ಮೂರು: ಚುನಾವಣಾ ಆಯೋಗದ ಅಂಕಿಅಂಶ ವರದಿ, ಲೋಕಸಭೆಯ ಸದಸ್ಯರ ಪರಿಚಯ ಪುಟ, ಸದನದ ಚರ್ಚೆಗಳ ಸಂಪುಟಗಳಿರುವ ಸಂಸತ್ತಿನ ಡಿಜಿಟಲ್ ಗ್ರಂಥಾಲಯ.

ಆಯೋಗದ ವರದಿಯೇ ಮೂರರಲ್ಲಿ ಮೇಲು. ಆದರೆ 1967 ಮತ್ತು 1971ರ ವರದಿಗಳಲ್ಲಿ ಲಕ್ಷದ್ವೀಪ ಎಂದು ಹುಡುಕಿದರೆ ಏನೂ ಸಿಗದು. ಆ ಹೆಸರು ಬಂದದ್ದು 1973ರಲ್ಲಿ. ಅದಕ್ಕೆ ಮೊದಲಿನದಕ್ಕೆ ಲಕ್ಕದಿವ್, ಮಿನಿಕಾಯ್, ಅಮಿನ್‌ದಿವಿ ಎಂದೇ ಹುಡುಕಬೇಕು. 1971ರಲ್ಲಿ ಅವರು ಅವಿರೋಧ ಆಯ್ಕೆ, ಹಾಗಾಗಿ ಮತದ ಲೆಕ್ಕವೇ ಇಲ್ಲ. ಪಟ್ಟಿ ಮಾಡುವವರು ಅಲ್ಲಿ ಸೊನ್ನೆ ಬರೆದರೆ ಸರಾಸರಿ ಪೂರ್ತಿ ಕೆಡುತ್ತದೆ, ಆ ವರ್ಷವನ್ನು ಲೆಕ್ಕದಿಂದಲೇ ಬಿಡಿ. ಪಕ್ಷದ ಕಾಲಂ ಕೂಡ ಕಣ್ಣಿಟ್ಟು ನೋಡಬೇಕು. 1967ರಲ್ಲಿ ಪಕ್ಷೇತರ, ಆಮೇಲೆ ಕಾಂಗ್ರೆಸ್, 1980ರಲ್ಲಿ ಕಾಂಗ್ರೆಸ್ (ಯು). ಆ ‘ಯು’ ನಮ್ಮ ದೇವರಾಜ ಅರಸರದು. ದೇಶವೆಲ್ಲ ಇಂದಿರಾ ಕಡೆ ವಾಲಿದ ವರ್ಷದಲ್ಲಿ ಅರಸು ಬಣದ ಚೀಟಿ ಹಿಡಿದು ಗೆಲ್ಲುವುದು ಸಣ್ಣ ಮಾತಲ್ಲ. ಅಲ್ಲಿ ಜನ ಪಕ್ಷಕ್ಕಿಂತ ಆಳನ್ನು ನೋಡಿ ಮತ ಹಾಕುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

2004ರ ಪುಟ ತೆರೆಯಿರಿ. ಜೆಡಿಯುನ ಪೂಕುಂಞಿ ಕೋಯಾ 15,597, ಸಯೀದ್ 15,526. ಅಂತರ 71. ಮೂವತ್ತೇಳು ವರ್ಷದ ಹಿಡಿತ ಅಷ್ಟರಲ್ಲಿ ತಪ್ಪಿತು.

ಪರಿಚಯ ಪುಟ ಹುಟ್ಟಿದ ದಿನ (1941ರ ಮೇ 10), ಓದು, ಹೊತ್ತ ಹುದ್ದೆಗಳಿಗೆ ಸಾಕು, ಅದಕ್ಕಿಂತ ಹೆಚ್ಚಿಗೆ ನಿರೀಕ್ಷಿಸಬೇಡಿ. ಲೋಕಸಭೆಯ ಕಡತ ಸೋಲಿಗೆ ನಿಲ್ಲುತ್ತದೆ, ಬದುಕು ನಿಲ್ಲಲಿಲ್ಲ. ಸೋತ ಅದೇ ತಿಂಗಳು ಅವರು ಕೇಂದ್ರ ಇಂಧನ ಸಚಿವರಾದರು. ಆಮೇಲೆ ದೆಹಲಿಯಿಂದ ರಾಜ್ಯಸಭೆಗೆ ಆರಿಸಿ ಹೋದರು, ಹಾಗಾಗಿ ಮುಂದಿನ ದಾಖಲೆಗೆ ರಾಜ್ಯಸಭೆಯ ಹಳೆಯ ಸದಸ್ಯರ ಪಟ್ಟಿಯಲ್ಲಿ ದೆಹಲಿ ವಿಭಾಗ ನೋಡಬೇಕು, ಲಕ್ಷದ್ವೀಪವಲ್ಲ. 2005ರ ಡಿಸೆಂಬರ್ 18ರಂದು ಸಿಯೋಲ್‌ನಲ್ಲಿ ತೀರಿಕೊಂಡಾಗಲೂ ಸಚಿವರಾಗಿಯೇ ಇದ್ದರು.

ಹೆಚ್ಚು ಸಮಯ ತಿನ್ನುವುದು ಡಿಜಿಟಲ್ ಗ್ರಂಥಾಲಯ. ಬರೀ ‘ಸಯೀದ್’ ಎಂದು ಇಂಗ್ಲಿಷಿನಲ್ಲಿ ಹಾಕಿದರೆ ಮುಫ್ತಿ ಮೊಹಮ್ಮದ್ ಸಯೀದ್ ಬಂದು ಕೂರುತ್ತಾರೆ. ಮುಫ್ತಿ 1989-90ರಲ್ಲಿ ಗೃಹ ಸಚಿವರು, ಇವರು 1993ರಿಂದ ಗೃಹ ಖಾತೆಯ ರಾಜ್ಯ ಸಚಿವರು, ವಿಷಯಗಳೂ ಹೆಚ್ಚುಕಡಿಮೆ ಒಂದೇ. 2009ರ ನಂತರ ಮಗ ಹಮ್ದುಲ್ಲಾ ಸಯೀದ್ ಹೆಸರೂ ಸೇರುತ್ತದೆ. ಆದ್ದರಿಂದ ಮೊದಲು ಎಷ್ಟನೇ ಲೋಕಸಭೆ ಎಂದು ಆರಿಸಿ (ನಾಲ್ಕರಿಂದ ಹದಿಮೂರು), ಆಮೇಲೆ ಹೆಸರು ಹಾಕಿ. ಹಳೆಯ ಸಂಪುಟಗಳು ಸ್ಕ್ಯಾನ್ ಪ್ರತಿಗಳು, ಅಕ್ಷರ ಮಸುಕಾದ ಕಡೆ ಹುಡುಕಾಟ ಕೈಕೊಡುತ್ತದೆ. ಅಂಥಲ್ಲಿ ದಿನಾಂಕ ಹಿಡಿದು ಪುಟ ತಿರುವುವುದೇ ದಾರಿ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. 1998ರ ಡಿಸೆಂಬರಿನಲ್ಲಿ ಅವರು ಉಪ ಸಭಾಧ್ಯಕ್ಷರಾದರು. ಪೀಠದಿಂದ ಆಡಿದ ಮಾತೆಲ್ಲ ‘ಡೆಪ್ಯುಟಿ ಸ್ಪೀಕರ್’ ಎಂದು ಅಚ್ಚಾಗಿದೆ, ಹೆಸರಿನಿಂದ ಹುಡುಕಿದರೆ ಸಿಗುವುದಿಲ್ಲ. ಸಚಿವರಾಗಿದ್ದಾಗ ಪ್ರಶ್ನೆ ಕೇಳುವ ಹಾಗಿಲ್ಲ, ಉತ್ತರ ಕೊಡುವ ಕಡೆ ಇರುತ್ತಾರೆ. ಪ್ರಶ್ನೆಗಳನ್ನು ಎಣಿಸಿ ಸಂಸದರಿಗೆ ಅಂಕ ಕೊಡುವವರು ಈ ವರ್ಷಗಳಲ್ಲಿ ಅವರು ಸುಮ್ಮನಿದ್ದರು ಎಂದು ಬರೆದುಬಿಡುತ್ತಾರೆ. ಅದು ಅನ್ಯಾಯ.

ದ್ವೀಪದೊಳಗಿನ ರಾಜಕೀಯ ಮೂರರಲ್ಲೂ ಇಲ್ಲ. 1956ಕ್ಕೆ ಹಿಂದಿನದು ಬೇಕಾದರೆ ಇನ್ನೂ ಕಷ್ಟ: ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು, ಸಯೀದರ ಆಂಡ್ರೋತ್ ಮಲಬಾರಿನಲ್ಲಿ. ಒಂದೇ ಕ್ಷೇತ್ರಕ್ಕೆ ಎರಡು ಜಿಲ್ಲೆಗಳ ಕಡತ ತೆಗೆಸಬೇಕು. ಹೊಸದಾಗಿ ಶುರು ಮಾಡುವವರು ಆಯೋಗದ ವರದಿಯಿಂದ ವರ್ಷ ಮತ್ತು ಪಕ್ಷದ ಪಟ್ಟಿ ಮಾಡಿಕೊಂಡು, ಪರಿಚಯ ಪುಟದಿಂದ ಹುದ್ದೆಗಳ ಅವಧಿ ಸೇರಿಸಿ, ಆಮೇಲಷ್ಟೇ ಚರ್ಚೆಗಳಿಗೆ ಕೈಹಾಕಿ.