ನಮ್ಮ ಸ್ಟಾಪಿನ ಹೊಸ ಬಸ್ ಟೈಮ್ ಬೋರ್ಡು: 5ಕ್ಕೆ 3 ಸ್ಟಾರ್

ಬೋರ್ಡು ನೋಡೋಕೆ ಚೆನ್ನಾಗಿದೆ. ದಪ್ಪ ಅಕ್ಷರ, ಕಣ್ಣಿನ ಎತ್ತರಕ್ಕೇ ಹಾಕಿದ್ದಾರೆ. ಕನ್ನಡಕ ಮರೆತು ಬಂದಿದ್ದ ಅಮ್ಮನೂ ಸಲೀಸಾಗಿ ಓದಿದರು. ಅದಕ್ಕೇ ಮೂರು ಸ್ಟಾರ್.

ತೊಂದರೆ ಇರುವುದು ಒಳಗಿನ ವಿಷಯದಲ್ಲಿ. ಬೆಳಗಿನ ಬಸ್ಸಿಗೆ 7.10 ಅಂತ ಬರೆದಿದೆ. ನಾನು 7.00ಕ್ಕೇ ಹೋಗಿ ನಿಂತೆ. ಬಸ್ ಬಂದಿದ್ದು 7.40ಕ್ಕೆ. ಯಾಕಿಷ್ಟು ಲೇಟು ಎಂದು ಕೇಳಿದರೆ ಕಂಡಕ್ಟರ್ ನಕ್ಕರು. ‘ಲೇಟಲ್ಲ ಅಕ್ಕ, ಅದು ಪೇಟೆ ಸ್ಟ್ಯಾಂಡ್ ಬಿಡೋ ಟೈಮು.’ ನಮ್ಮ ಸ್ಟಾಪಿನಲ್ಲಿ ನಮ್ಮ ಸ್ಟಾಪಿನ ಟೈಮ್ ಇರಬೇಕು ಅಲ್ವಾ?

ಸಂಜೆಯ 6.15ರ ಪಕ್ಕ ಒಂದು ಚಿಕ್ಕ ಚುಕ್ಕಿ ಇದೆ. ಅದರ ಅರ್ಥ ಬೋರ್ಡಿನ ಕೆಳಗೆ, ಅಲ್ಲಿ ಯಾರೋ ಜಾಹೀರಾತು ಅಂಟಿಸಿದ್ದಾರೆ. ಉಗುರಿನಿಂದ ಕೆರೆದು ನೋಡಿದೆ: ‘ಭಾನುವಾರ ಇಲ್ಲ’. ಅವತ್ತು ಭಾನುವಾರ. ಅಮ್ಮನ ಜೊತೆ ಸುಮ್ನೆ ಒಂದು ಗಂಟೆ ಕೂತೆ.

ಕ್ಯೂಆರ್ ಕೋಡ್ ಕೂಡ ಇದೆ. ಸ್ಕ್ಯಾನ್ ಮಾಡಿದರೆ ಇದೇ ಬೋರ್ಡಿನ ಫೋಟೋ ಬರುತ್ತದೆ! ಮ್ಯಾಪ್ ಆ್ಯಪ್‌ಗಳು ಓದುವ ಜಿಟಿಎಫ್‌ಎಸ್ ಎಂಬ ಫೈಲುಗಳಲ್ಲಿ ಒಂದೊಂದು ಸ್ಟಾಪಿಗೂ ಬಸ್ ಬರುವ, ಹೊರಡುವ ಸಮಯ ಬರೆಯಲು ಜಾಗವಿದೆ. ವಾರದ ಯಾವ ಯಾವ ದಿನ ಓಡುತ್ತದೆ ಎಂದೂ ಹಾಕಬಹುದು. ಅಷ್ಟನ್ನೇ ಬೋರ್ಡಿಗೂ ಇಳಿಸಿದ್ದರೆ ಸಾಕಿತ್ತು.

ಸದ್ಯಕ್ಕೆ 7.10ರ ಪಕ್ಕ ನಾನೇ ಪೆನ್ಸಿಲಿನಲ್ಲಿ 7.40 ಅಂತ ಬರೆದಿದ್ದೇನೆ. ನಿನ್ನೆ ನೋಡಿದರೆ ಯಾರೋ ಅದನ್ನು 7.45 ಮಾಡಿದ್ದಾರೆ.