ಐದು ಮಳೆಗಾಲ ಕಂಡ ಏಳಿಂಚಿನ ಸರ್ಕ್ಯುಲರ್ ಗರಗಸ

ದುಂಡು ಬ್ಲೇಡಿನ ಈ ಕರೆಂಟು ಗರಗಸವನ್ನು ಕೊಂಡದ್ದು 2020ರ ದೀಪಾವಳಿಯ ಹೊತ್ತಿಗೆ. ಕೊಟ್ಟಿಗೆಯ ಮಾಡು ಕಳಚಿ ಹೊಸ ರೀಪು ಹೊಡೆಯಬೇಕಿತ್ತು, ನಮ್ಮೂರಿನ ಆಚಾರಿಗೆ ಸಂಕ್ರಾಂತಿಯವರೆಗೆ ಪುರುಸೊತ್ತಿರಲಿಲ್ಲ. ಸಾಗರದ ಅಂಗಡಿಯೊಂದರಲ್ಲಿ ಆರು ಸಾವಿರ ಚಿಲ್ಲರೆ ಕೊಟ್ಟು ತಂದೆ. 185 ಮಿಲಿಮೀಟರ್ ಬ್ಲೇಡು, 1,200 ವ್ಯಾಟ್ ಮೋಟಾರು, ತೂಕ ನಾಲ್ಕು ಕೆಜಿಯ ಆಸುಪಾಸು. ನೇರ ಕೊಯ್ತದಲ್ಲಿ ಎರಡೂವರೆ ಇಂಚು ಆಳಕ್ಕೆ ಇಳಿಯುತ್ತದೆ, 45 ಡಿಗ್ರಿ ಓರೆ ಮಾಡಿದರೆ ಒಂದೂಮುಕ್ಕಾಲು ಇಂಚಿಗೆ ನಿಲ್ಲುತ್ತದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಮುಂದೆ ಸ್ವಲ್ಪ ಬೈಯುವುದಿದೆ, ಮೇಲಾಗಿ ಈ ಅಳತೆಯ ಯಂತ್ರಗಳ ಜಾತಕವೆಲ್ಲ ಹೆಚ್ಚುಕಡಿಮೆ ಒಂದೇ.

ಇದನ್ನು ನೋಡಿದವರೆಲ್ಲ ಕೇಳುವ ಮೊದಲ ಪ್ರಶ್ನೆ, ‘ಮಾರ್ಬಲ್ ಕಟರ್‌ಗೆ ಮರದ ಬ್ಲೇಡು ಹಾಕಿದರೆ ಆಗುತ್ತಿತ್ತಲ್ಲ, ಅರ್ಧ ದುಡ್ಡು ಉಳಿಯುತ್ತಿತ್ತು.’ ಕೊಯ್ಯುವುದೇನೋ ಕೊಯ್ಯುತ್ತದೆ. ಊರಲ್ಲಿ ಅರ್ಧ ಕೆಲಸ ನಡೆಯುವುದೇ ಹಾಗೆ. ಆದರೆ ಮಾರ್ಬಲ್ ಕಟರ್ ತಿರುಗುವುದು ನಿಮಿಷಕ್ಕೆ 12,000 ಸುತ್ತಿನ ಮೇಲೆ, ಈ ಗರಗಸ ತಿರುಗುವುದು 5,000 ಚಿಲ್ಲರೆ. ಕಲ್ಲಿನ ಬ್ಲೇಡಿಗೆ ಹಲ್ಲಿಲ್ಲ, ಅದು ಸವೆಸುತ್ತದೆ. ಮರದ ಬ್ಲೇಡಿಗೆ ಹಲ್ಲಿದೆ, ಅದು ಕಚ್ಚಿ ಎಳೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾರ್ಬಲ್ ಕಟರಿನ ಬ್ಲೇಡು ಕೆಳಗಡೆ ಬೋಳು. ಸರ್ಕ್ಯುಲರ್ ಗರಗಸಕ್ಕೆ ಕೆಳಗೊಂದು ಕವಚವಿದೆ. ಹಲಗೆಯೊಳಗೆ ನುಗ್ಗಿಸಿದಾಗ ತಾನಾಗಿ ಹಿಂದೆ ಸರಿದು, ಹಲಗೆ ಮುಗಿದೊಡನೆ ಸ್ಪ್ರಿಂಗಿನ ಬಲದಿಂದ ಟಪ್ಪೆಂದು ಮುಚ್ಚಿಕೊಳ್ಳುತ್ತದೆ. ಐದು ವರ್ಷದ ಮೇಲೆ ನನಗನ್ನಿಸುವುದು, ನಾನು ಹೆಚ್ಚುವರಿ ದುಡ್ಡು ಕೊಟ್ಟದ್ದು ಮೋಟಾರಿಗಲ್ಲ, ಆ ತಗಡಿನ ಕವಚಕ್ಕೆ ಮತ್ತು ಅದರ ಹಿಂದಿನ ಒಂದು ಪುಟ್ಟ ಸ್ಪ್ರಿಂಗಿಗೆ.

ಇದು ಗೊತ್ತಾದದ್ದು ಮೂರನೆಯ ವರ್ಷ. ಹಲಸಿನ ಹಲಗೆ ಕೊಯ್ಯುತ್ತಿದ್ದೆ, ಪೂರ್ತಿ ಒಣಗಿರಲಿಲ್ಲ. ಹಸಿ ಹೊಟ್ಟು ಮತ್ತು ಮೇಣ ಸೇರಿ ಕವಚದ ಸಂದಿಯಲ್ಲಿ ಅಂಟಾಗಿ ಕೂತಿತ್ತು. ಕೊಯ್ತ ಮುಗಿಯಿತು, ಸ್ವಿಚ್ಚು ಬಿಟ್ಟೆ, ಗರಗಸವನ್ನು ಜಗುಲಿಯ ಮೇಲೆ ಇಟ್ಟೆ. ಸ್ವಿಚ್ಚು ಬಿಟ್ಟರೂ ಬ್ಲೇಡು ಇನ್ನೂ ಕೆಲವು ಸೆಕೆಂಡು ತಿರುಗುತ್ತಿರುತ್ತದೆ. ಕವಚ ಅರ್ಧಕ್ಕೇ ನಿಂತಿದ್ದನ್ನು ನಾನು ನೋಡಿರಲಿಲ್ಲ. ಗರಗಸ ಹಲ್ಲೂರಿಕೊಂಡು ಹಿಂದಕ್ಕೆ ಓಡಿ, ತನ್ನದೇ ವಯರಿನ ಮೇಲೆ ಹಾದು, ಕಂಬದ ಬುಡದಲ್ಲಿ ನಿಂತಿತು. ಅಜ್ಜನ ಕಾಲದ ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ಗೇಣುದ್ದದ ಗೀರು ಈಗಲೂ ಇದೆ. ಚಾಪೆ ಹಾಸಿ ಮುಚ್ಚಿದ್ದೇವೆ. ನನ್ನ ಕಾಲು ಆ ಕಡೆ ಇರಲಿಲ್ಲ ಎಂಬುದು ನನ್ನ ಜಾಣತನವಲ್ಲ.

ಅಂದಿನಿಂದ ಪ್ಲಗ್ ಚುಚ್ಚುವ ಮೊದಲು ಕವಚವನ್ನು ಕೈಯಿಂದ ಪೂರ್ತಿ ಹಿಂದೆ ಎಳೆದು ಬಿಡುತ್ತೇನೆ. ಟಪ್ ಎಂಬ ಸದ್ದು ಬರಬೇಕು. ನಿಧಾನವಾಗಿ ತೆವಳುತ್ತಾ ಬಂದರೆ ಅಂದು ಕೊಯ್ಯುವುದಿಲ್ಲ, ಮೊದಲು ಶುಚಿ. ಸಂದಿಗೆ ಎಣ್ಣೆ ಬಿಡುವುದು ಎಲ್ಲರಿಗೂ ಹೊಳೆಯುವ ಉಪಾಯ, ನನಗೂ ಹೊಳೆದಿತ್ತು. ಎಣ್ಣೆಗೆ ಹೊಟ್ಟು ಮೆತ್ತಿಕೊಂಡು ಎರಡೇ ದಿನದಲ್ಲಿ ಗೊಜ್ಜಾಗುತ್ತದೆ. ಪ್ಲಗ್ ಕಿತ್ತು, ಬ್ಲೇಡು ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸುವುದೇ ಸರಿಯಾದ ದಾರಿ.

ಆಚಾರಿಯ ಬಳಿಯೂ ಇಂಥದ್ದೇ ಗರಗಸವಿದೆ. ಅದರ ಕವಚವನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಟ್ಟಿದ್ದಾರೆ. ಕೇಳಿದರೆ, ‘ತಮ್ಮಾ, ಅದು ಇದ್ದರೆ ಗೆರೆ ಕಾಣುವುದಿಲ್ಲ, ಓರೆ ಕೊಯ್ತದಲ್ಲಿ ಅಂಚಿಗೆ ತಡೆಯುತ್ತದೆ’ ಎನ್ನುತ್ತಾರೆ. ತಡೆಯುವುದು ನಿಜ. ಅಂಚಿನಿಂದ ತೆಳು ಚಕ್ಕೆ ತೆಗೆಯುವಾಗ ಕವಚ ಹಲಗೆಗೆ ಸಿಕ್ಕಿ ಗರಗಸ ಮುಂದೆ ಹೋಗುವುದೇ ಇಲ್ಲ. ಆದರೆ ಅದಕ್ಕೆಂದೇ ಕವಚದ ಮೇಲೊಂದು ಹಿಡಿ ಇಟ್ಟಿದ್ದಾರೆ. ಆರಂಭದಲ್ಲಿ ಅದನ್ನು ಎತ್ತಿ ಹಿಡಿದು, ಬ್ಲೇಡು ಅರ್ಧ ಇಂಚು ಒಳಹೊಕ್ಕ ಮೇಲೆ ಬಿಟ್ಟರೆ ಆಯಿತು. ಅವರಿಗೆ ತೋರಿಸಿದೆ. ನೋಡಿ ತಲೆಯಾಡಿಸಿದರು. ತಂತಿ ಇನ್ನೂ ಹಾಗೆಯೇ ಇದೆ.

ಇನ್ನೊಂದು ಅನುಭವ ಅಕೇಶಿಯಾ ಹಲಗೆಯದು. ಈ ಮರ ಕೊಯ್ಯುತ್ತಿದ್ದಂತೆಯೇ ಸೊಟ್ಟಗಾಗುವ ಜಾತಿ. ಎರಡು ತುದಿಗೂ ಸ್ಟೂಲು ಕೊಟ್ಟು ನಡುವೆ ಕೊಯ್ಯಲು ಹೋದೆ. ಮುಕ್ಕಾಲು ಭಾಗ ಆಗುವಷ್ಟರಲ್ಲಿ ಹಲಗೆ ನಡುವೆ ಕುಸಿದು, ಕೊಯ್ದ ಸೀಳು ಬ್ಲೇಡನ್ನು ಇಕ್ಕಳದಂತೆ ಹಿಡಿಯಿತು. ಬ್ಲೇಡಿನ ಹಿಂಭಾಗದ ಹಲ್ಲುಗಳು ಹೀಗೆ ಸಿಕ್ಕಿಕೊಂಡರೆ ಇಡೀ ಯಂತ್ರವನ್ನು ಮೇಲೆತ್ತಿ ಕೊಯ್ಯುವವನ ಕಡೆಗೇ ಎಸೆಯುತ್ತವೆ. ಗರಗಸ ಸೀಳಿನಿಂದ ಹಾರಿ ನನ್ನ ಬಲ ಸೊಂಟದ ಪಕ್ಕದಿಂದ ಹಿಂದೆ ಹೋಯಿತು. ಎರಡೂ ಕೈ ಹಿಡಿಯಲ್ಲಿದ್ದವು, ನಾನು ಬ್ಲೇಡಿನ ನೇರಕ್ಕೆ ನಿಲ್ಲದೆ ಎಡಕ್ಕೆ ಸರಿದು ನಿಂತಿದ್ದೆ, ಕವಚ ಮುಚ್ಚಿಕೊಂಡಿತು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಈ ಬರಹವನ್ನು ಬೇರೆ ಯಾರಾದರೂ ಬರೆಯಬೇಕಿತ್ತು.

ಆಸರೆ ಕೊಯ್ಯುವ ಗೆರೆಯ ಹತ್ತಿರ ಇರಬೇಕು, ತುಂಡಾಗಿ ಬೀಳುವ ಬದಿಗೆ ಬೀಳಲು ಜಾಗ ಇರಬೇಕು. ಉದ್ದ ಸೀಳುವಾಗ ಹಿಂದೆ ಸೀಳಿನಲ್ಲಿ ಮರದ ಬೆಣೆಯೊಂದನ್ನು ಸಿಕ್ಕಿಸುತ್ತೇನೆ. ಗೆರೆ ತಪ್ಪಿತೆಂದು ನಡುವೆ ಗರಗಸವನ್ನು ತಿರುಗಿಸಿ ಸರಿ ಮಾಡಲು ಹೋಗುವುದು ಇನ್ನೊಂದು ದೊಡ್ಡ ತಪ್ಪು. ಸ್ವಿಚ್ಚು ಬಿಟ್ಟು, ಬ್ಲೇಡು ನಿಂತ ಮೇಲೆ ಹೊರತೆಗೆದು, ಮತ್ತೆ ಮೊದಲಿನಿಂದ ಹೋಗಬೇಕು.

ಪ್ಲೈವುಡ್ಡಿಗೆ ನನ್ನ ವ್ಯವಸ್ಥೆ ಸರಳ. ನೆಲದ ಮೇಲೆ ನಾಲ್ಕು ಹಳೆಯ ರೀಪು ಅಡ್ಡ ಹಾಕಿ, ಮೇಲೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಾಳೆ ಮಲಗಿಸುತ್ತೇನೆ. 18 ಮಿಲಿಮೀಟರ್ ಹಾಳೆಗೆ ಬ್ಲೇಡಿನ ಆಳ 22, 23ಕ್ಕೆ ಇಟ್ಟರೆ ಸಾಕು, ಹಲ್ಲಿನ ತುದಿ ಮಾತ್ರ ಕೆಳಗೆ ಇಣುಕುತ್ತದೆ. ರೀಪಿಗೆ ಗೀರು ಬೀಳುತ್ತದೆ, ಬೀಳಲಿ. ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಚೂರೇಳುವುದು ಮೇಲಿನ ಮುಖದಲ್ಲಿ. ಚೆಂದದ ಮುಖವನ್ನು ನೆಲದ ಕಡೆಗೆ ಮಾಡಬೇಕು. ಇದು ತಿಳಿಯದೆ ಒಂದು ಲ್ಯಾಮಿನೇಟ್ ಹಾಳೆ ಹಾಳು ಮಾಡಿಕೊಂಡೆ. ಹೆಂಡತಿ ಆ ಕಪಾಟಿನ ಬಾಗಿಲನ್ನು ಬಂದವರಿಗೆಲ್ಲ ತೋರಿಸುತ್ತಾಳೆ. ಅಂದಹಾಗೆ, ಹೊಸ ಯಂತ್ರದ ಸೊನ್ನೆ ಡಿಗ್ರಿಯ ಗುರುತನ್ನು ನಂಬಬೇಡಿ. ನನ್ನದರಲ್ಲಿ ಸುಮಾರು ಒಂದು ಡಿಗ್ರಿ ಓರೆ ಇತ್ತು. ಪ್ಲಗ್ ಕಿತ್ತು, ಮೂಲೆಮಟ್ಟವನ್ನು ಬ್ಲೇಡಿಗೂ ತಳಹಲಗೆಗೂ ಒತ್ತಿ ಹಿಡಿದಾಗ ಬೆಳಕಿನ ಎಳೆ ಕಂಡಿತು.

ಜೊತೆಗೆ ಬಂದ 24 ಹಲ್ಲಿನ ಬ್ಲೇಡು ರೀಪು, ಪಕಾಸಿಗೆ ಚೆನ್ನ, ಪ್ಲೈಗೆ ಒರಟು. 40 ಹಲ್ಲಿನದೊಂದು ಬೇರೆ ಕೊಂಡೆ. ಕೊಳ್ಳುವಾಗ ನಡುವಿನ ರಂಧ್ರದ ಅಳತೆ ನೋಡಿ. ದೊಡ್ಡ ರಂಧ್ರದ ಬ್ಲೇಡಿಗೆ ಬಳೆ ಹಾಕಿ ಕೂರಿಸುತ್ತಾರೆ, ಆ ಬಳೆ ಸಡಿಲವಾಗಿದ್ದರೆ ಬ್ಲೇಡು ನಡುಗುತ್ತದೆ. ಬ್ಲೇಡಿನ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಹೆಚ್ಚಿರಲೇಬೇಕು, ಅದು ಬ್ಲೇಡಿನ ಮೇಲೆಯೇ ಅಚ್ಚಾಗಿರುತ್ತದೆ. ನನ್ನ ಮೊದಲ ಬ್ಲೇಡು ಸತ್ತದ್ದು ಹಳೆಯ ಮನೆಯ ಮತ್ತಿ ತೊಲೆಯಲ್ಲಿ. ಮೇಲಿನಿಂದ ಏನೂ ಕಾಣದ ತೊಲೆಯ ಹೊಟ್ಟೆಯಲ್ಲಿ ಕಮ್ಮಾರ ಬಡಿದು ಮಾಡಿದ ಚೌಕ ಮೊಳೆ ಮುರಿದು ಉಳಿದಿತ್ತು. ಒಂದು ಕಿಡಿ, ಎರಡು ಹಲ್ಲು ಹೋದವು. ಹಲ್ಲಿನ ತುದಿಗೆ ಬೆಸೆದ ಗಟ್ಟಿ ಕಾರ್ಬೈಡ್ ಚೂರು ಹಾರಿದ ಬ್ಲೇಡನ್ನು ಸಾಣೆ ಹಿಡಿಸಿ ಮುಂದುವರಿಸಬಾರದು, ಗುಜರಿಗೆ ಹಾಕಬೇಕು. ಈಗ ಹಳೆಯ ಮರವಾದರೆ ಒಡೆದ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮೇಲೆ ಆಡಿಸಿ ನೋಡುತ್ತೇನೆ. ತೀರಾ ಆಳದ ಮೊಳೆ ಅದಕ್ಕೂ ಸಿಗುವುದಿಲ್ಲ.

ಮರ ಸುಟ್ಟ ವಾಸನೆ ಬಂದರೆ, ಕೊಯ್ದ ಅಂಚು ಕಪ್ಪಾದರೆ, ಎಲ್ಲರೂ ಬ್ಲೇಡು ಮೊಂಡಾಯಿತು ಎನ್ನುತ್ತಾರೆ. ಎಷ್ಟೋ ಸಲ ಅದು ಬರೀ ಹಲ್ಲಿಗೆ ಅಂಟಿದ ಮರದ ಮೇಣ. ಬ್ಲೇಡು ಬಿಚ್ಚಿ ತೊಳೆಯುವ ಸೋಡಾ ಕದಡಿದ ಬೆಚ್ಚನೆ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ಉಜ್ಜಿದರೆ ಹೊಸದರಂತಾಗುತ್ತದೆ. ಕೂಡಲೇ ಒರೆಸಿ ಒಣಗಿಸಬೇಕು. ಬ್ಲೇಡಿನ ಬೋಲ್ಟು ಯಾವ ಕಡೆಗೆ ಬಿಚ್ಚುತ್ತದೆಂಬ ಗೊಂದಲ ನನಗೆ ಪ್ರತಿ ಸಲ ಇತ್ತು. ನನ್ನ ಯಂತ್ರದಲ್ಲಿ ಬ್ಲೇಡು ತಿರುಗುವ ದಿಕ್ಕಿನ ಬಾಣ ಎತ್ತ ತೋರಿಸುತ್ತದೋ ಅತ್ತ ತಿರುಗಿಸಿದರೆ ಬಿಚ್ಚುತ್ತದೆ.

ವಿದ್ಯುತ್ತಿನ ವಿಚಾರ ಹಳ್ಳಿಯವರಿಗೆ ಮುಖ್ಯ. ತೋಟದ ಪಂಪುಗಳು ಓಡುವ ಹೊತ್ತಿನಲ್ಲಿ ನಮ್ಮಲ್ಲಿ ವೋಲ್ಟೇಜು ಬಿದ್ದುಹೋಗುತ್ತದೆ. ಅದರ ಮೇಲೆ ಮದುವೆ ಮನೆಯ ಸೀರಿಯಲ್ ದೀಪಕ್ಕೆ ತಂದ ತೆಳು ವಯರಿನಲ್ಲಿ ಐವತ್ತು ಅಡಿ ದೂರಕ್ಕೆ ಎಳೆದಿದ್ದೆ. ಮೋಟಾರು ಮುಲುಗುತ್ತಿತ್ತು, ವಯರು ಕೈಗೆ ಬಿಸಿ ತಾಗುತ್ತಿತ್ತು. ಈಗ 2.5 ಚದರ ಮಿಲಿಮೀಟರಿನ ವಯರು, 16 ಆಂಪಿಯರಿನ ಸಾಕೆಟ್ಟು. ಕೊಟ್ಟಿಗೆಯ ಲೈನಿಗೆ, ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಹಾಕಿಸಿದೆ. ಜಗುಲಿಯ ದಿನ ವಯರಿನ ಸಿಪ್ಪೆ ಮಾತ್ರ ಹೋಗಿತ್ತು. ಒಳಗಿನ ತಾಮ್ರ ಹೊರಬಿದ್ದಿದ್ದರೆ ಏನಾಗುತ್ತಿತ್ತೆಂದು ರಾತ್ರಿಯಿಡೀ ಯೋಚಿಸಿದ್ದರ ಫಲ ಅದು.

ನಾಲ್ಕನೆಯ ವರ್ಷ ಒಳಗೆ ಕಿಡಿ ಜಾಸ್ತಿಯಾಗಿ, ಒಮ್ಮೊಮ್ಮೆ ಸ್ವಿಚ್ಚು ಒತ್ತಿದರೂ ತಿರುಗುತ್ತಿರಲಿಲ್ಲ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿತ್ತು. ಪಕ್ಕದ ಎರಡು ಮುಚ್ಚಳ ಬಿಚ್ಚಿ ಜೋಡಿಯಾಗಿಯೇ ಬದಲಿಸಬೇಕು, ಒಂದನ್ನು ಮಾತ್ರವಲ್ಲ. ಹತ್ತು ನಿಮಿಷದ ಕೆಲಸ, ನೂರು ಚಿಲ್ಲರೆ ರೂಪಾಯಿ. ಕವಚದ ಸ್ಪ್ರಿಂಗಿನ ಕಥೆ ಮಾತ್ರ ಬೇರೆ. ಅದು ಸೋತಿದೆ ಎಂದು ಸರ್ವೀಸ್ ಸೆಂಟರಿಗೆ ಹೋದರೆ, ಸ್ಪ್ರಿಂಗು ಬಿಡಿಯಾಗಿ ಬರುವುದಿಲ್ಲ, ಇಡೀ ಕವಚವನ್ನೇ ಕೊಳ್ಳಿ ಎಂದರು. ಕೊಂಡೆ. ಐದು ವಾರ ಕಾದೆ. ಪ್ರಾಣ ಉಳಿಸುವ ಬಿಡಿಭಾಗವೇ ಬೇಗ ಸಿಗದಿದ್ದರೆ ಜನ ತಂತಿ ಕಟ್ಟದೆ ಇನ್ನೇನು ಮಾಡುತ್ತಾರೆ? ನಾನು ಕೊಡುವ ಐದು ನಕ್ಷತ್ರದಲ್ಲಿ ಒಂದನ್ನು ಕಡಿಮೆ ಮಾಡಿದ್ದು ಇದಕ್ಕೇ.

ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ. ಜೂನ್ ಹಿಡಿಯುವ ಮೊದಲು ಬ್ಲೇಡುಗಳಿಗೆ ಎಣ್ಣೆ ಸವರಿ ಪತ್ರಿಕೆಯಲ್ಲಿ ಸುತ್ತಿ, ಯಂತ್ರದ ತಳಕ್ಕೆ ಮೇಣದಬತ್ತಿ ಉಜ್ಜಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಹೊಗೆ ತಾಗುತ್ತದೆ, ತುಕ್ಕು ಬರುವುದಿಲ್ಲ. ತಳಕ್ಕೆ ಮೇಣ ಉಜ್ಜಿದರೆ ಹಲಗೆಯ ಮೇಲೆ ಜಾರುವುದೂ ಸಲೀಸು.

ಬಟ್ಟೆಯ ವಿಚಾರಕ್ಕೆ ಮನೆಯಲ್ಲಿ ನಗುತ್ತಾರೆ. ಪಂಚೆ ಉಟ್ಟು, ಹೆಗಲ ಮೇಲೆ ಟವೆಲು ಹಾಕಿ ತೋಟದ ಕೆಲಸವನ್ನೆಲ್ಲ ಮಾಡುವವನು ಈ ಒಂದು ಕೆಲಸಕ್ಕೆ ಪ್ಯಾಂಟು, ಬೂಟು, ಕನ್ನಡಕ ಹಾಕಿಕೊಳ್ಳುತ್ತೇನೆ. ಕಿವಿಗೆ ಬಿರಡೆ, ಮೂಗಿಗೆ ಎನ್95. ಸದ್ದು ನೂರು ಡೆಸಿಬೆಲ್ ಆಸುಪಾಸಿನದು. ಮರದ ಹುಡಿ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿರುವ ವಸ್ತು. ಕೋವಿಡ್ ಹೊತ್ತಿನಲ್ಲಿ ತಂದ ಮಾಸ್ಕುಗಳು ಹೀಗೆ ಕೆಲಸಕ್ಕೆ ಬಂದವು.

ಕೊಟ್ಟಿಗೆಯ ಮಾಡು, ಎರಡು ಕಪಾಟು, ಅಡಿಕೆ ಒಣಗಿಸುವ ಅಟ್ಟಣಿಗೆ, ಮಗಳ ಮೇಜು, ಲೆಕ್ಕವಿಲ್ಲದಷ್ಟು ಗೂಡು ಬಾಗಿಲು, ಇಷ್ಟು ಕೆಲಸಕ್ಕೆ ಆರು ಸಾವಿರ ಹೆಚ್ಚಾಯಿತು ಎನ್ನಲಾರೆ. ಐದಕ್ಕೆ ನಾಲ್ಕು ನಕ್ಷತ್ರ. ಗರಗಸ ಎರವಲು ಕೇಳಿ ಬರುವವರು ಈಗ ವಾರಕ್ಕೊಬ್ಬರಾದರೂ ಇದ್ದಾರೆ. ಗೆರೆ ಎಳೆದು ಹಲಗೆಯನ್ನೇ ಇಲ್ಲಿಗೆ ತನ್ನಿ ಎನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ, ಚಹಾ ಕುಡಿದು ಹೋಗುತ್ತಾರೆ.