ಎರಡು ಮಳೆಗಾಲ ಓಡಿಸಿದ ಮೇಲೆ: ಅಡಾಸ್ ಇರುವ ಎಲೆಕ್ಟ್ರಿಕ್ ಕಾರು, ಅದರ ಆ್ಯಪ್ ಮತ್ತು ನಮ್ಮ ಮನೆ

ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ದೂರುಗಳನ್ನು ಬೇರೆ ಕಂಪನಿಯ ಕಾರು ಇಟ್ಟುಕೊಂಡವರ ಬಾಯಲ್ಲೂ ಕೇಳಿದ್ದೇನೆ. ಒಬ್ಬರ ತಲೆಗೆ ಕಟ್ಟಿ ಪ್ರಯೋಜನ ಇಲ್ಲ. ಗಾಡಿ ಮಧ್ಯಮ ಗಾತ್ರದ ಎಲೆಕ್ಟ್ರಿಕ್ ಎಸ್‌ಯುವಿ. ಮೇಲಿನ ವೇರಿಯಂಟ್, ಹಾಗಾಗಿ ಅಡಾಸ್ (ಕ್ಯಾಮೆರಾ, ಸೆನ್ಸರ್ ಮೂಲಕ ಓಡಿಸುವವರಿಗೆ ನೆರವಾಗುವ ವ್ಯವಸ್ಥೆ), ಇ-ಸಿಮ್ (ಕಾರಿನೊಳಗೇ ಕೂರಿಸಿದ ಸಿಮ್), ಮೊಬೈಲ್ ಆ್ಯಪ್ ಎಲ್ಲ ಇದೆ. ನಮ್ಮ ಮನೆ ಆಲ್ದೂರಿನ ಹತ್ತಿರ, ತೋಟದ ಒಳಗೆ. ಕೆಲಸಕ್ಕೆ ದಿನಾ ಚಿಕ್ಕಮಗಳೂರಿಗೆ ಹೋಗಿಬರುತ್ತೇನೆ. ಮಧ್ಯೆ ಮಧ್ಯೆ ಹಾಸನಕ್ಕೂ ಹೋಗುವುದಿರುತ್ತದೆ, ಆಗಾಗ ಬೆಂಗಳೂರಿಗೂ. ಓಡಿಸುವುದು ಹೆಚ್ಚಾಗಿ ನಾನೇ. ಆರ್‌ಸಿ ಇರುವುದು ನಮ್ಮನೆಯವರ ಹೆಸರಲ್ಲಿ. ಈ ಕೊನೆಯ ಎರಡು ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎಲೆಕ್ಟ್ರಿಕ್ ಅನ್ನುವ ಭಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಅದರಲ್ಲಿ ನನಗೆ ಖುಷಿಯೇ. ಏರಿನಲ್ಲಿ ಗೇರು ಬದಲಿಸುವ ಗೋಳಿಲ್ಲ. ಕಂಪನಿ ಹೇಳಿದ ದೂರದಲ್ಲಿ ಮುಕ್ಕಾಲು ಭಾಗ ಸಿಗುತ್ತದೆ, ಗಿರಿ ಹತ್ತಿದ ದಿನ ಅದೂ ಇಲ್ಲ. ಇಳಿಯುವಾಗ ಸ್ವಲ್ಪ ಚಾರ್ಜ್ ವಾಪಸ್ ಬರುತ್ತದೆ. ಆದರೆ ಎತ್ತರದಲ್ಲಿ ಮನೆ ಇರುವವರು ಒಂದು ವಿಷಯ ಗಮನಿಸಿ. ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಇಳಿಜಾರಿನಲ್ಲಿ ಆ ಚಾರ್ಜ್ ಹೋಗುವುದಕ್ಕೆ ಜಾಗ ಇರುವುದಿಲ್ಲ. ಆಕ್ಸಿಲರೇಟರ್ ಬಿಟ್ಟಾಗ ಗಾಡಿ ತಾನಾಗಿ ನಿಧಾನವಾಗುವುದು ಕಡಿಮೆಯಾಗುತ್ತದೆ, ಬ್ರೇಕ್ ಮೇಲೆ ಭಾರ ಬೀಳುತ್ತದೆ. ನಾನು ಎಂಬತ್ತು, ಎಂಬತ್ತೈದಕ್ಕೆ ನಿಲ್ಲಿಸುತ್ತೇನೆ. ಮಳೆಗಾಲದಲ್ಲಿ ಮೆಸ್ಕಾಂ ಕರೆಂಟು ಹೋದರೆ ಎಂದು ಬರುತ್ತದೋ ದೇವರಿಗೇ ಗೊತ್ತು. ಆ ದಿನಗಳಲ್ಲಿ ಕಾರಿನಿಂದಲೇ ವೈರ್ ಎಳೆದು ಮಿಕ್ಸಿ, ಫ್ರಿಜ್ಜು ಓಡಿಸಿದ್ದೇವೆ. ಅತ್ತೆಗೆ ಈ ಕಾರಿನ ಮೇಲೆ ಪ್ರೀತಿ ಹುಟ್ಟಿದ್ದೇ ಆವಾಗ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. "ಅದೇ ಓಡಿಸುತ್ತಂತೆ, ಹೌದಾ?"

ಇಲ್ಲ. ಇದು ಎರಡನೇ ಹಂತದ್ದು. ಕಾರು ಎಷ್ಟರ ಮಟ್ಟಿಗೆ ತಾನಾಗಿ ಓಡುತ್ತದೆ ಅನ್ನುವುದಕ್ಕೆ ಸೊನ್ನೆಯಿಂದ ಐದರವರೆಗೆ ಹಂತಗಳಿವೆ. ಎರಡರಲ್ಲಿ ಕಾರು ಮುಂದಿನ ಗಾಡಿಯಿಂದ ಅಂತರ ಕಾಯ್ದುಕೊಳ್ಳುತ್ತದೆ, ಬಿಳಿ ಗೆರೆಗಳ ನಡುವೆ ಇರಲು ನೋಡುತ್ತದೆ, ಡಿಕ್ಕಿಯಾಗುವ ಹಾಗಿದ್ದರೆ ಬ್ರೇಕ್ ಹಾಕುತ್ತದೆ. ಕಣ್ಣು, ಕೈ, ಹೊಣೆ ಎಲ್ಲ ಓಡಿಸುವವರದ್ದೇ. ಸ್ಟೀರಿಂಗ್‌ನಿಂದ ಕೈ ತೆಗೆದರೆ ಸ್ವಲ್ಪ ಹೊತ್ತಿಗೆ ಕೂಗಾಡಿ, ಆಮೇಲೆ ನೆರವು ನಿಲ್ಲಿಸಿಬಿಡುತ್ತದೆ.

ಹಾಸನ ದಾಟಿ ಚನ್ನರಾಯಪಟ್ಟಣ, ಕುಣಿಗಲ್ ಕಡೆಯ ನಾಲ್ಕು ಪಥದ ಹೆದ್ದಾರಿಯಲ್ಲಿ ಇದು ನಿಜಕ್ಕೂ ಚೆನ್ನಾಗಿದೆ. ನೆಲಮಂಗಲ ಮುಟ್ಟುವಷ್ಟರಲ್ಲಿ ಮೊದಲು ಆಗುತ್ತಿದ್ದ ಸುಸ್ತು ಈಗ ಇಲ್ಲ. ಆಲ್ದೂರು ರಸ್ತೆಯಲ್ಲಿ ಕಥೆಯೇ ಬೇರೆ. ಗೆರೆ ಇದ್ದರೆ ತಾನೇ ಗೆರೆಯ ನಡುವೆ ಹೋಗುವುದು? ಗೆರೆ ಕಂಡ ಕಡೆ ಇನ್ನೂ ಕಷ್ಟ. ಗುಂಡಿ ತಪ್ಪಿಸಲು ನಾನು ಬಲಕ್ಕೆ ಎಳೆದರೆ ಅದು ಎಡಕ್ಕೆ ಎಳೆಯುತ್ತದೆ, ಡ್ರೈವಿಂಗ್ ಕಲಿಯುವಾಗ ಪಕ್ಕದಲ್ಲಿ ಕೂತ ದೊಡ್ಡಪ್ಪನ ಹಾಗೆ. ಹೇರ್‌ಪಿನ್ ತಿರುವಿನಲ್ಲಿ ಎದುರಿಗೆ ಬಸ್ಸು ಕಂಡರೆ ಅದು ನನ್ನ ಮೇಲೇ ಬರುತ್ತಿದೆ ಅಂದುಕೊಂಡು ಗಕ್ಕನೆ ಬ್ರೇಕ್ ಹಾಕಿದ್ದೂ ಇದೆ. ಹಿಂದೆ ಪಿಕಪ್ ಇದ್ದಿದ್ದರೆ ಏನಾಗುತ್ತಿತ್ತೋ. ಜುಲೈ ತಿಂಗಳ ಮಂಜಿನಲ್ಲಿ ಗಾಜಿನ ಹಿಂದಿನ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ನನಗೆ ಸಹಾಯ ಬೇಕಾದ ಹೊತ್ತಿಗೇ ಅದು ಕೈ ಎತ್ತುತ್ತದೆ. ಕೈಪಿಡಿಯಲ್ಲಿ ವಾಹನ, ಪಾದಚಾರಿ, ಸೈಕಲ್ ಗುರುತಿಸುತ್ತದೆ ಎಂದು ಬರೆದಿದೆ. ದನ, ಆನೆ ಎಂದು ಬರೆದಿಲ್ಲ. ಬೇಲೂರು, ಮೂಡಿಗೆರೆ ಕಡೆ ಸಂಜೆ ಓಡಾಡುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಅಂದರೆ ಕಾರು ನನ್ನ ಕೈಯಿಂದ ಸ್ಟೀರಿಂಗ್ ಕಿತ್ತುಕೊಳ್ಳುತ್ತದೆ ಅನ್ನುವ ಭಯ ನಮ್ಮ ಊರಿನಲ್ಲಂತೂ ಸದ್ಯಕ್ಕೆ ಬೇಡ. ಅಮೆರಿಕದ ಫೀನಿಕ್ಸ್‌ನಲ್ಲಿ ವೇಮೋ ಕಂಪನಿಯ ಚಾಲಕರಿಲ್ಲದ ಟ್ಯಾಕ್ಸಿಗಳು 2020ರಿಂದಲೇ ಜನರನ್ನು ಹತ್ತಿಸಿಕೊಳ್ಳುತ್ತಿವೆ. ನಮ್ಮಲ್ಲಿ ಸಚಿವ ನಿತಿನ್ ಗಡ್ಕರಿ 2023ರ ಡಿಸೆಂಬರ್‌ನಲ್ಲಿ, ಚಾಲಕರ ಕೆಲಸ ಹೋಗುತ್ತದೆ, ಅಂಥ ಕಾರುಗಳನ್ನು ಬಿಡುವುದಿಲ್ಲ ಎಂದಿದ್ದರು. ಸರಿ. ಆದರೆ ಅಷ್ಟು ದೂರದ್ದನ್ನೇ ನೋಡುತ್ತಾ ಕೂತರೆ ಈಗಾಗಲೇ ಮನೆಯೊಳಗೆ ಬಂದಿರುವುದು ಕಾಣುವುದಿಲ್ಲ. ನನ್ನ ತಕರಾರು ಇರುವುದು ಆ್ಯಪ್ ಮೇಲೆ.

ಡೆಲಿವರಿ ದಿನ ಷೋರೂಮಿನ ಹುಡುಗ ಆರ್‌ಸಿ ನೋಡಿ ನಮ್ಮನೆಯವರ ಫೋನಿನಲ್ಲಿ ಆ್ಯಪ್ ಹಾಕಿಕೊಟ್ಟ. ಅವರು ಮುಖ್ಯ ಬಳಕೆದಾರರು. ನಾನು ಎರಡನೇ ಬಳಕೆದಾರಳು. ಗಾಡಿ ಎಲ್ಲಿದೆ, ಎಷ್ಟು ಸ್ಪೀಡಿನಲ್ಲಿ ಹೋಯಿತು, ಎಲ್ಲಿ ಎಷ್ಟು ಹೊತ್ತು ನಿಂತಿತ್ತು, ಎಷ್ಟು ಸಲ ಜೋರಾಗಿ ಬ್ರೇಕ್ ಬಿತ್ತು, ಎಲ್ಲ ಅವರಿಗೆ ಕಾಣುತ್ತದೆ. ದಿನದ ಕೊನೆಗೆ ನನ್ನ ಡ್ರೈವಿಂಗ್‌ಗೆ ಅಂಕವೂ ಬರುತ್ತದೆ. ನಕ್ಷೆಯ ಮೇಲೆ ಒಂದು ಸುತ್ತು ಎಳೆದರೆ ಗಾಡಿ ಅದನ್ನು ದಾಟಿದಾಗ ಮೆಸೇಜ್ ಹೋಗುತ್ತದೆ. ಕಳುವಾದರೆ ಗಾಡಿ ಮತ್ತೆ ಸ್ಟಾರ್ಟ್ ಆಗದ ಹಾಗೆ ಮಾಡುವ ಬಟನ್ನೂ ಇದೆ, ಅದು ಮುಖ್ಯ ಬಳಕೆದಾರರಿಗೆ ಮಾತ್ರ.

ನಮ್ಮನೆಯವರು ಬೇಹುಗಾರಿಕೆ ಮಾಡುವ ಜನ ಅಲ್ಲ. ಮೆಸೇಜು ತಾನಾಗಿ ಬರುತ್ತದೆ, ನೋಡುತ್ತಾರೆ, ಕಾಫಿ ಕುಡಿಯುತ್ತಾ ಮನೆಯಲ್ಲಿ ಹೇಳುತ್ತಾರೆ. ಒಂದು ದಿನ ಹಾಸನದಿಂದ ಬರುವಾಗ ಬೇಲೂರಿನಲ್ಲಿ ಗೆಳತಿಯ ಮನೆಗೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದೆ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ, "ಏನಮ್ಮಾ, ಬೇಲೂರಲ್ಲಿ ನಿಂತಿದ್ಯಂತೆ, ಹುಷಾರಾಗಿದ್ದೀಯ ತಾನೇ?" ಅಂದರು. ಕಾಳಜಿಯಿಂದ ಕೇಳಿದ್ದು, ನನಗೆ ಗೊತ್ತು. ಮುಚ್ಚಿಡುವಂಥದ್ದೂ ಏನಿರಲಿಲ್ಲ. ಆದರೆ ನಾನಾಗಿ ಹೇಳುವುದು ಬೇರೆ, ಕೇಳಿದ್ದಕ್ಕೆ ಲೆಕ್ಕ ಕೊಡುವುದು ಬೇರೆ. ಮದುವೆಯಾದ ಹೊಸದರಲ್ಲಿ ಸ್ಕೂಟರ್ ಕಲಿತಾಗ ಸಿಕ್ಕಿದ್ದ ಒಂದು ಸಲೀಸು ಈ ಲಕ್ಷಾಂತರ ರೂಪಾಯಿಯ ಗಾಡಿಯಲ್ಲಿ ಸದ್ದಿಲ್ಲದೆ ಹೋಯಿತು.

ಆ್ಯಪ್‌ನ ನಕ್ಷೆಯಲ್ಲಿ ಗಾಡಿ ಎಲ್ಲಿದೆ ಎಂದು ತೋರಿಸುವ ಚುಕ್ಕೆ ಸುಳ್ಳೂ ಹೇಳುತ್ತದೆ. ಚಾರ್ಮಾಡಿ ಇಳಿದು ಉಜಿರೆಗೆ ಹೋಗಿದ್ದ ದಿನ, ಘಾಟಿಯಲ್ಲಿ ನೆಟ್‌ವರ್ಕ್ ಸಿಗದೆ ಆ್ಯಪ್‌ನಲ್ಲಿ ಗಾಡಿ ಕೊಟ್ಟಿಗೆಹಾರದಲ್ಲೇ ನಿಂತಿತ್ತು. ಹೊರಗೆ ಜೋರು ಮಳೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದಿದ್ದನ್ನು ಕಂಡವರು ಸುಮ್ನೆ ಇರುತ್ತಾರಾ? ನಾನು ಉಜಿರೆಯಲ್ಲಿ ಊಟ ಮಾಡುತ್ತಿದ್ದೆ, ಮನೆಯಲ್ಲಿ ಯಾರೂ ಊಟ ಮಾಡಿರಲಿಲ್ಲ. ಮೊದಲೆಲ್ಲ "ಮುಟ್ಟಿದ ಮೇಲೆ ಫೋನ್ ಮಾಡು" ಎಂದು ಹೇಳಿ ನೆಮ್ಮದಿಯಾಗಿ ಇರುತ್ತಿದ್ದವರು ಇವರೇ.

"ಫೋನೂ ಇದನ್ನೇ ಮಾಡುತ್ತಲ್ಲ, ಫಾಸ್ಟ್ಯಾಗ್‌ನಲ್ಲೂ ಗೊತ್ತಾಗುತ್ತಲ್ಲ" ಎಂದು ನಮ್ಮನೆಯವರು ವಾದಿಸಿದರು. ಟೋಲಿನಲ್ಲಿ ದುಡ್ಡು ಕಟ್ಟಾದ ಮೆಸೇಜು ಟೋಲ್ ದಾಟಿದ್ದನ್ನಷ್ಟೇ ಹೇಳುತ್ತದೆ. ಫೋನನ್ನು ಮನೆಯಲ್ಲಿ ಬಿಟ್ಟು ಹೋಗಬಹುದು. ಕಾರನ್ನು ಬಿಟ್ಟು ಕಾರಿನಲ್ಲಿ ಹೋಗುವುದು ಹೇಗೆ?

ಮನೆಯವರು ನೋಡುವುದಕ್ಕೆ ಮುಖ ಇದೆ, ಜಗಳ ಆಡಬಹುದು. ಕಂಪನಿ ನೋಡುವುದು ಬೇರೆ ಥರ. ಒಂದು ಸಲ ಗುಂಡಿಗೆ ಬಿದ್ದು ರಿಮ್ ಬಾಗಿತ್ತು. ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿಯವರು ಲ್ಯಾಪ್‌ಟಾಪ್ ನೋಡಿ, "ಮೇಡಂ, ಗಾಡಿ ಆಗ ಸ್ವಲ್ಪ ಸ್ಪೀಡಲ್ಲೇ ಇತ್ತು" ಅಂದರು. ನಾನು ಸ್ಪೀಡಿನ ವಿಷಯ ಎತ್ತಿರಲೇ ಇಲ್ಲ. ಆ ಲೆಕ್ಕವನ್ನು ನನಗೂ ಕೊಡಿ ಅಂದರೆ, ಅದು ನಮ್ಮ ಒಳಗಿನ ಬಳಕೆಗೆ ಎಂಬ ಉತ್ತರ ಬಂತು. ನನ್ನ ಕಾಲು, ನನ್ನ ಪೆಡಲ್, ಲೆಕ್ಕ ಮಾತ್ರ ಅವರದ್ದು! ಇದು ಸಣ್ಣ ವಿಷಯ ಅನ್ನಿಸಿದರೆ ಅಮೆರಿಕದ ಜನರಲ್ ಮೋಟಾರ್ಸ್ ಕಥೆ ಕೇಳಿ. ಓಡಿಸುವವರ ಬ್ರೇಕು, ಸ್ಪೀಡಿನ ಮಾಹಿತಿ ಇನ್ಶೂರೆನ್ಸ್ ಕಂಪನಿಗಳಿಗೆ ವರದಿ ಕೊಡುವ ಸಂಸ್ಥೆಗಳ ಕೈಗೆ ಹೋಗುತ್ತಿತ್ತು. ಅದು 2024ರಲ್ಲಿ ಪತ್ರಿಕೆಯಲ್ಲಿ ಬಯಲಾಯಿತು. 2025ರ ಜನವರಿಯಲ್ಲಿ ಅಲ್ಲಿನ ವ್ಯಾಪಾರ ಆಯೋಗ ಐದು ವರ್ಷ ಹಾಗೆ ಕೊಡಬಾರದು ಎಂಬ ಕ್ರಮಕ್ಕೆ ಮುಂದಾಯಿತು. ನಮ್ಮಲ್ಲೂ ವೈಯಕ್ತಿಕ ಮಾಹಿತಿ ಕಾಪಾಡುವ ಕಾಯ್ದೆ 2023ರಲ್ಲಿ ಪಾಸಾಗಿದೆ. ಆದರೆ ಡೆಲಿವರಿ ದಿನ ಕಾರಿಗೆ ಹೂವಿನ ಹಾರ ಹಾಕುವ ಗಡಿಬಿಡಿಯಲ್ಲಿ ಟ್ಯಾಬ್ ಮೇಲೆ ನಾವೆಲ್ಲ "ಒಪ್ಪಿಗೆ" ಒತ್ತಿರುತ್ತೇವೆ, ಅಷ್ಟೇ.

ಅಪ್‌ಡೇಟ್‌ಗಳ ಬಗ್ಗೆ. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಗಾಡಿಯ ಸ್ವಭಾವ ಬದಲಾಗಿರುತ್ತದೆ. ಒಂದು ಅಪ್‌ಡೇಟ್ ಆದ ಮೇಲೆ, ನಾನು ಆಫ್ ಮಾಡಿಟ್ಟಿದ್ದ ಲೇನ್ ಅಸಿಸ್ಟ್ (ಗೆರೆಯ ನಡುವೆ ಇರಿಸುವ ನೆರವು) ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಆನ್ ಆಗತೊಡಗಿತು. ಈಗ ಗೇಟಿನಿಂದ ಹೊರಡುವ ಮುಂಚೆ ಸ್ಕ್ರೀನ್ ಒಳಗೆ ಹೋಗಿ ಅದನ್ನು ಮುಚ್ಚುವುದು ದಿನದ ಕೆಲಸ. 2017ರಲ್ಲಿ ಫ್ಲಾರಿಡಾಕ್ಕೆ ಇರ್ಮಾ ಚಂಡಮಾರುತ ಬಂದಾಗ ಟೆಸ್ಲಾ ಕೆಲವು ಕಾರುಗಳ ಬ್ಯಾಟರಿಯಲ್ಲಿ ಸಾಫ್ಟ್‌ವೇರ್‌ನಿಂದ ಬೀಗ ಹಾಕಿದ್ದ ಭಾಗವನ್ನು ದೂರದಿಂದಲೇ ತೆರೆದು, ಜನ ಇನ್ನಷ್ಟು ದೂರ ಹೋಗುವ ಹಾಗೆ ಮಾಡಿತು, ಆಮೇಲೆ ಮತ್ತೆ ಬೀಗ ಹಾಕಿತು. ಮಾಡಿದ್ದು ಉಪಕಾರವೇ. ಆದರೂ ಆ ಸುದ್ದಿ ಓದಿದಾಗ ನನಗೆ ಮೊದಲು ಹೊಳೆದದ್ದು, ಬೀಗದ ಕೈ ಕಂಪನಿಯ ಹತ್ತಿರವೇ ಇತ್ತಲ್ಲ ಅಂತ.

ನಿಯಮವೇ ಬೇಡ ಅನ್ನುವವಳಲ್ಲ ನಾನು. 2019ರ ಜುಲೈನಿಂದ ನಮ್ಮ ದೇಶದ ಹೊಸ ಕಾರುಗಳೆಲ್ಲ ಸ್ಪೀಡು ಗಂಟೆಗೆ 80 ಕಿಲೋಮೀಟರ್ ದಾಟಿದರೆ ಬೀಪ್ ಅನ್ನುತ್ತವೆ, 120 ದಾಟಿದರೆ ಬಿಡದೆ ಕೂಗುತ್ತವೆ. ಕಿರಿಕಿರಿ ಹೌದು, ಆದರೆ ಅದರ ಮೇಲೆ ನನಗೆ ಸಿಟ್ಟಿಲ್ಲ. ಆ ಬೀಪ್ ನನಗೆ ಹೇಳಿ ಸುಮ್ಮನಾಗುತ್ತದೆ, ಬೇರೆಯವರಿಗೆ ಹೋಗಿ ಹೇಳುವುದಿಲ್ಲ.

ಮಾವನ ಅಭಿಪ್ರಾಯ ಮಾತ್ರ ಪೂರ್ತಿ ಉಲ್ಟಾ, ಅದನ್ನು ಬಿಟ್ಟರೆ ಈ ವಿಮರ್ಶೆ ನ್ಯಾಯದ್ದಾಗುವುದಿಲ್ಲ. ನಲವತ್ತು ವರ್ಷ ಜೀಪು ಓಡಿಸಿದವರು. ಕಣ್ಣು ಮಂಜಾದ ಮೇಲೆ ಸ್ಟೀರಿಂಗ್ ಮುಟ್ಟಿಲ್ಲ. ಈಗ ಕ್ಲಬ್ಬಿಗೆ ಹೋಗಬೇಕೆಂದರೆ ತೋಟದ ಡ್ರೈವರ್ ಗೊಬ್ಬರ ಇಳಿಸಿ ಬರುವ ತನಕ ಕಾಯಬೇಕು, ಇಲ್ಲವೇ ನನಗೆ ಪುರುಸೊತ್ತಾಗಬೇಕು. ಮೊಮ್ಮಗಳು ಫೋನಿನಲ್ಲಿ ಚಾಲಕರಿಲ್ಲದ ಟ್ಯಾಕ್ಸಿಯ ವಿಡಿಯೋ ತೋರಿಸಿದಾಗ ಎರಡು ಸಲ ನೋಡಿದರು. ಒಳಗೂ ಕ್ಯಾಮೆರಾ ಇರುತ್ತದೆ ಮಾವ, ಎಲ್ಲ ರೆಕಾರ್ಡ್ ಆಗುತ್ತದೆ ಅಂದೆ. "ಆಗ್ಲಿ ಬಿಡಮ್ಮ. ಈಗ ನಾನು ಎಲ್ಲಿಗೆ ಹೋಗ್ಬೇಕಾದ್ರೂ ಮೂರು ಜನರನ್ನ ಕೇಳ್ಬೇಕು. ಅದು ಒಂದು ಮಿಷನ್ನು, ನೋಡಿದ್ರೆ ನೋಡ್ಲಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರಿಗೆ ಅದು ಕಳೆದುಹೋದ ಓಡಾಟವನ್ನು ವಾಪಸ್ ಕೊಡುವ ಗಾಡಿ. ಆ ಗಾಡಿ ಈ ಮಂಜಿನಲ್ಲಿ, ಈ ರಸ್ತೆಯಲ್ಲಿ ಓಡುವ ಕಾಲಕ್ಕೆ ಮಾವನಿಗೆ ಎಷ್ಟು ವಯಸ್ಸಾಗಿರುತ್ತದೆ ಅನ್ನುವುದು ಬೇರೆ ಮಾತು.

ಕೊನೆಗೆ ನಾನು ಮಾಡಿಸಿದ್ದು ಇಷ್ಟು. ಮನೆಯಲ್ಲಿ ಕೂತು ಮಾತಾಡಿ ಮುಖ್ಯ ಬಳಕೆದಾರರ ಖಾತೆಯನ್ನು ನನ್ನ ಫೋನಿಗೆ ಬದಲಿಸಿಕೊಂಡೆವು. ನಮ್ಮನೆಯವರು ಒಪ್ಪಲು ತಡ ಮಾಡಲಿಲ್ಲ, ಷೋರೂಮಿನವರು ವಾರಗಟ್ಟಲೆ ಓಡಾಡಿಸಿದರು. ಆರ್‌ಸಿ ಯಾರ ಹೆಸರಲ್ಲಿದೆಯೋ ಅವರ ಸಹಿ, ಓಟಿಪಿ, ಮತ್ತೆ ಸಹಿ. ಸುತ್ತು ದಾಟಿದ ಮೆಸೇಜು ಬಂದ್ ಮಾಡಿದೆ. ಡ್ರೈವಿಂಗ್ ಅಂಕ ಬಂದ್ ಮಾಡಿದೆ. ತುರ್ತು ಕರೆ ಹಾಗೇ ಇಟ್ಟಿದ್ದೇನೆ, ಘಾಟಿಯಲ್ಲಿ ಓಡಾಡುವವರಿಗೆ ಅದು ಬೇಕು. ಕಂಪನಿಗೆ ಮಾಹಿತಿ ಹೋಗುವುದನ್ನು ನಿಲ್ಲಿಸುವ ಆಯ್ಕೆ ನನಗೆ ಆ್ಯಪ್‌ನಲ್ಲಿ ಎಲ್ಲೂ ಸಿಗಲಿಲ್ಲ.

ಗಾಡಿಗೆ ಐದರಲ್ಲಿ ನಾಲ್ಕು, ಅಡಾಸ್‌ಗೆ ಹೆದ್ದಾರಿಯಲ್ಲಿ ನಾಲ್ಕು ಮಲೆನಾಡಿನಲ್ಲಿ ಒಂದು, ಆ್ಯಪ್‌ಗೆ ಒಂದೂವರೆ. ತೋಟದ ರಸ್ತೆಯಲ್ಲೇ ಹೆಚ್ಚು ಓಡಾಡುವವರು ಅಡಾಸ್ ಇಲ್ಲದ ಕೆಳಗಿನ ವೇರಿಯಂಟ್ ತೆಗೆದುಕೊಂಡು ದುಡ್ಡು ಉಳಿಸಿ. ಮೇಲಿನದೇ ಬೇಕು ಅನ್ನುವವರು ಬುಕಿಂಗ್ ಹಣ ಕಟ್ಟುವ ಮುಂಚೆ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ: ದಿನಾ ಓಡಿಸುವವರ ಹೆಸರಿಗೇ ಮುಖ್ಯ ಖಾತೆ ಮಾಡಿಕೊಡುತ್ತೀರಾ, ಮತ್ತು ಗಾಡಿ ಮಾರಿದ ದಿನ ಹಳೇ ಮಾಲೀಕರ ಫೋನಿನಿಂದ ಆ ಖಾತೆಯನ್ನು ತೆಗೆಯುವುದು ಯಾರ ಕೆಲಸ? ಎರಡನೆಯದಕ್ಕೆ ನನಗೆ ಇನ್ನೂ ಉತ್ತರ ಬಂದಿಲ್ಲ. ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ನೋಡುತ್ತಿರುವವರು ಇದನ್ನು ಬ್ಯಾಟರಿಯ ಸ್ಥಿತಿಗಿಂತ ಮೊದಲೇ ಕೇಳಿ.